ಒಂಬತ್ತು ಚೌಕಗಳ ಮನೆ: ಬ್ರೇಡಿ ಕುಟುಂಬವೂ ನಮ್ಮ 'ಮಲತಾಯಿ'ಯೂ



ಊರಿನ ಕನ್ನಡ ಪತ್ರಿಕೆ ತೆರೆದಾಗ ನಿಮ್ಮ ಕಣ್ಣಿಗೆ ಆಗಾಗ ಬೀಳುವ ಒಂದು ತಲೆಬರಹವಿದೆ: 'ರಾಜ್ಯದ ಬಗ್ಗೆ ಕೇಂದ್ರದ ಮಲತಾಯಿ ಧೋರಣೆ'. ಕೇಳಿದ ರೈಲು ಸಿಗಲಿಲ್ಲವೇ? ಮಲತಾಯಿ ಧೋರಣೆ. ಬರ ಪರಿಹಾರ ತಡವಾಯಿತೇ? ಮಲತಾಯಿ ಧೋರಣೆ. ಸರ್ಕಾರ ಯಾವ ಪಕ್ಷದ್ದೇ ಇರಲಿ, ಈ ಮಾತು ಮಾತ್ರ ಬದಲಾಗುವುದಿಲ್ಲ. ಕೇಂದ್ರ ಅಂದರೆ ಯಾವುದು ಹೇಳಿ? ನಾವು ನೀವು ದಿನಾ ಬೆಳಿಗ್ಗೆ ಮೆಟ್ರೋ ಹತ್ತಿ ಓಡಾಡುವ ಇದೇ ದೆಹಲಿ! ಅಂದರೆ ಕನ್ನಡ ಪತ್ರಿಕೆಗಳ ಲೆಕ್ಕದಲ್ಲಿ ಅತಿ ಪ್ರಸಿದ್ಧ ಮಲತಾಯಿಯ ಮನೆಯಲ್ಲೇ ನಾವೆಲ್ಲ ಬಾಡಿಗೆಗೆ ಇದ್ದೇವೆ.

ನಗು ಬರುತ್ತದೆ, ನಿಜ. ಆದರೆ ಒಂದು ಕ್ಷಣ ಯೋಚಿಸಿ. ಇದೇ ತಲೆಬರಹವನ್ನು ನಿಜವಾಗಿಯೂ ಮಲತಾಯಿಯಾಗಿರುವ ಒಬ್ಬ ಹೆಣ್ಣುಮಗಳು ಓದಿದರೆ? ಬೆಳಿಗ್ಗೆ ಐದಕ್ಕೆ ಎದ್ದು, ತಾನು ಹೆರದ ಮಗುವಿಗೆ ಡಬ್ಬಿ ಕಟ್ಟಿ, ಶಾಲೆಯ ಬಸ್ಸು ಹತ್ತಿಸಿ ಬಂದು, ಆಮೇಲೆ ಪತ್ರಿಕೆ ಬಿಡಿಸಿದರೆ? ಅನ್ಯಾಯಕ್ಕೆ ನಾವು ಇಟ್ಟಿರುವ ಹೆಸರೇ ಅವಳದ್ದು!

ಇಂಥ ಮನೆಗಳು ಇಂದು ಅಪರೂಪವೇನಲ್ಲ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು, ವಿಚ್ಛೇದನ ಪಡೆದವರು ಮತ್ತೆ ಮದುವೆಯಾಗುತ್ತಿದ್ದಾರೆ. ಅವರ ಜೊತೆ ಮಕ್ಕಳೂ ಬರುತ್ತಾರೆ. ನೋಯಿಡಾದಲ್ಲೋ ದ್ವಾರಕಾದಲ್ಲೋ ನಿಮ್ಮ ಪಕ್ಕದ ಫ್ಲ್ಯಾಟಿನಲ್ಲೇ ಅಂಥದೊಂದು ಮನೆ ಇದ್ದೀತು. ನಿಮ್ಮದೇ ಮನೆಯೂ ಆಗಿರಬಹುದು. ಎರಡು ಮನೆ ಒಂದಾದಾಗ ಏನಾಗುತ್ತದೆ ಎಂಬುದನ್ನೇ ವಸ್ತುವಾಗಿಟ್ಟುಕೊಂಡು ಅಮೆರಿಕದಲ್ಲಿ ಒಂದು ಹಾಸ್ಯ ಧಾರಾವಾಹಿ ಬಂದಿತ್ತು. ಅದರ ಹೆಸರು 'ದಿ ಬ್ರೇಡಿ ಬಂಚ್'. ಈ ಬಾರಿ ಅದರ ಕಥೆ ಕೇಳೋಣ. ಅದು ಹೇಳಿದ್ದೇನು, ಹೇಳದೆ ಬಿಟ್ಟದ್ದೇನು, ನಮ್ಮವರು ಹೇಳಿದ್ದೇನು ಎಂದು ನೋಡೋಣ.

ಪತ್ರಿಕೆಯಲ್ಲಿ ಸಿಕ್ಕ ಒಂದು ಸಾಲು

ಕಥೆ ಶುರುವಾಗುವುದೂ ಒಂದು ಪತ್ರಿಕೆಯಿಂದಲೇ. ಶೆರ್ವುಡ್ ಶ್ವಾರ್ಟ್ಸ್ ಎಂಬ ಲೇಖಕ ಆಗಲೇ 'ಗಿಲಿಗನ್ಸ್ ಐಲ್ಯಾಂಡ್' ಎಂಬ ಹಾಸ್ಯ ಧಾರಾವಾಹಿಯಿಂದ ಹೆಸರು ಮಾಡಿದ್ದವರು. 1966ರ ಸುಮಾರಿಗೆ ಅವರು 'ಲಾಸ್ ಏಂಜಲಿಸ್ ಟೈಮ್ಸ್' ಓದುತ್ತಿದ್ದಾಗ ಒಂದು ಸಣ್ಣ ಸುದ್ದಿ ಕಣ್ಣಿಗೆ ಬಿತ್ತು. ಅಮೆರಿಕದಲ್ಲಿ ಆಗುವ ಮದುವೆಗಳ ಪೈಕಿ ಸುಮಾರು ಶೇ. 30ರಲ್ಲಿ ಗಂಡಿಗೋ ಹೆಣ್ಣಿಗೋ ಹಿಂದಿನ ಮದುವೆಯ ಮಗು ಇರುತ್ತದೆ ಎಂಬುದೇ ಆ ಸುದ್ದಿ. ನೂರರಲ್ಲಿ ಮೂವತ್ತು ಮನೆ! ಆದರೆ ಟೀವಿಯಲ್ಲಿ ನೋಡಿದರೆ ಹೆತ್ತ ತಂದೆ, ಹೆತ್ತ ತಾಯಿ, ಅವರ ಮಕ್ಕಳು ಇರುವ ಮನೆಗಳೇ ಹೆಚ್ಚು. ಹೆಂಡತಿ ಸತ್ತ ತಂದೆ ಒಬ್ಬನೇ ಮಕ್ಕಳನ್ನು ಸಾಕುವ ಕಥೆಗಳೂ ಇದ್ದವು. ಆದರೆ ಆ ಕಡೆಯ ಮಕ್ಕಳು, ಈ ಕಡೆಯ ಮಕ್ಕಳು ಒಂದೇ ಸೂರಿನಡಿ ಸೇರಿದ ಮನೆ ಬಲು ಅಪರೂಪ.

ಶ್ವಾರ್ಟ್ಸ್ ಕಥೆ ಬರೆದು ಟೀವಿ ಕಂಪನಿಗಳ ಬಾಗಿಲು ತಟ್ಟಿದರು. 'ಚೆನ್ನಾಗಿದೆ, ಆದರೆ ಇದನ್ನು ಬದಲಾಯಿಸಿ, ಅದನ್ನು ಬದಲಾಯಿಸಿ' ಎಂಬ ಉತ್ತರವೇ ಬಂತು. ಅಷ್ಟರಲ್ಲಿ, 1968ರಲ್ಲಿ, 'ಯುವರ್ಸ್, ಮೈನ್ ಅಂಡ್ ಅವರ್ಸ್' ಎಂಬ ಸಿನಿಮಾ ಬಂತು. ಲ್ಯೂಸಿಲ್ ಬಾಲ್ ಮತ್ತು ಹೆನ್ರಿ ಫೋಂಡಾ ನಟಿಸಿದ ಚಿತ್ರ. ಅದರ ಹಿಂದೆ ನಿಜ ಕಥೆಯೇ ಇತ್ತು. ನೌಕಾಪಡೆಯ ಒಬ್ಬ ವಿಧುರನಿಗೆ ಹತ್ತು ಮಕ್ಕಳು, ಒಬ್ಬ ವಿಧವೆಗೆ ಎಂಟು ಮಕ್ಕಳು. 1961ರಲ್ಲಿ ಅವರಿಬ್ಬರೂ ಮದುವೆಯಾದರು. ಆಮೇಲೆ ಇನ್ನೆರಡು ಹುಟ್ಟಿ ಒಟ್ಟು ಇಪ್ಪತ್ತು! ಚಿತ್ರ ಚೆನ್ನಾಗಿ ಓಡಿದ್ದೇ ತಡ, ಎಬಿಸಿ ವಾಹಿನಿಗೆ ಶ್ವಾರ್ಟ್ಸ್ ಅವರ ಕಡತ ನೆನಪಾಯಿತು. 1969ರ ಸೆಪ್ಟೆಂಬರ್ 26ರಂದು 'ದಿ ಬ್ರೇಡಿ ಬಂಚ್' ಮೊದಲ ಬಾರಿಗೆ ಪ್ರಸಾರವಾಯಿತು.

ಅಂದಹಾಗೆ, ಆ ದಿನ ಭಾರತದಲ್ಲಿ ಟೀವಿ ಕೇಂದ್ರ ಇದ್ದ ಊರು ಯಾವುದು ಗೊತ್ತೇ? ದೆಹಲಿ ಒಂದೇ! 1959ರ ಸೆಪ್ಟೆಂಬರ್ 15ರಂದು ಇಲ್ಲಿ ಪ್ರಾಯೋಗಿಕವಾಗಿ ಟೀವಿ ಶುರುವಾಗಿತ್ತು, 1965ರಲ್ಲಿ ದಿನವೂ ಪ್ರಸಾರ ಬರತೊಡಗಿತ್ತು. ಮುಂಬಯಿಗೆ ಟೀವಿ ಬಂದದ್ದು 1972ರಲ್ಲಿ. ಹಾಗಾಗಿ ಅಮೆರಿಕದ ಮಕ್ಕಳು ಶುಕ್ರವಾರ ರಾತ್ರಿ ಬ್ರೇಡಿ ಮನೆಯ ಜಗಳ ನೋಡುತ್ತಿದ್ದಾಗ ನಮ್ಮ ಊರುಗಳಲ್ಲಿ ಮನೆಮಂದಿಯನ್ನೆಲ್ಲ ಒಂದೆಡೆ ಕೂಡಿಸುತ್ತಿದ್ದುದು ರೇಡಿಯೋ ಮಾತ್ರ.

ಆರು ಮಕ್ಕಳು, ಒಂದೇ ಬಚ್ಚಲು

ಕಥೆ ಬಲು ಸರಳ. ಮೈಕ್ ಬ್ರೇಡಿ ಒಬ್ಬ ವಾಸ್ತುಶಿಲ್ಪಿ. ಹೆಂಡತಿ ತೀರಿಕೊಂಡಿದ್ದಾಳೆ. ಗ್ರೆಗ್, ಪೀಟರ್, ಬಾಬಿ ಎಂಬ ಮೂವರು ಗಂಡುಮಕ್ಕಳು. ಕ್ಯಾರಲ್‌ಗೆ ಮಾರ್ಷಾ, ಜಾನ್, ಸಿಂಡಿ ಎಂಬ ಮೂವರು ಹೆಣ್ಣುಮಕ್ಕಳು. ಇಬ್ಬರೂ ಮದುವೆಯಾಗುತ್ತಾರೆ. ಮೈಕ್ ಮನೆಯಲ್ಲಿ ಮೊದಲಿಂದ ಇದ್ದ ಮನೆಗೆಲಸದ ಆಲಿಸ್ ಕೂಡ ಜೊತೆಗಿರುತ್ತಾಳೆ. ಒಟ್ಟು ಒಂಬತ್ತು ಜನ. ಧಾರಾವಾಹಿ ಶುರುವಾಗುವಾಗ ಪರದೆಯ ಮೇಲೆ ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಚೌಕಗಳು ಕಾಣಿಸುತ್ತವೆ. ಪ್ರತಿ ಚೌಕದಲ್ಲಿ ಒಂದು ಮುಖ. ಅವರು ಮೇಲೆ, ಕೆಳಗೆ, ಪಕ್ಕಕ್ಕೆ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಇಂದು ನಾವು ಕಂಪ್ಯೂಟರಿನಲ್ಲಿ ವೀಡಿಯೋ ಮೀಟಿಂಗಿಗೆ ಕೂತಾಗ ಕಾಣುವ ಚೌಕಗಳನ್ನು ನೋಡಿ ಅಮೆರಿಕದವರಿಗೆ ಮೊದಲು ನೆನಪಾಗುವುದು ಈ ಬ್ರೇಡಿ ಮನೆಯೇ.

ಮನೆಯ ಯಜಮಾನ ಸ್ವತಃ ವಾಸ್ತುಶಿಲ್ಪಿ. ಆದರೂ ಆರು ಮಕ್ಕಳಿಗೆ ಒಂದೇ ಬಚ್ಚಲುಮನೆ! ಒಂದು ಕಡೆ ಹುಡುಗರ ಕೋಣೆ, ಇನ್ನೊಂದು ಕಡೆ ಹುಡುಗಿಯರ ಕೋಣೆ, ನಡುವೆ ಬಚ್ಚಲು. ಅರ್ಧ ಕಥೆಗಳು ಹುಟ್ಟುವುದು ಅಲ್ಲಿಯೇ. ಮುನಿರ್ಕಾದ ಎರಡು ಕೋಣೆಯ ಮನೆಯಲ್ಲಿ ಸಂಸಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾರು ಮೊದಲು ಸ್ನಾನಕ್ಕೆ ಹೋಗಬೇಕು, ಫೋನಿನಲ್ಲಿ ಯಾರು ಎಷ್ಟು ಹೊತ್ತು ಮಾತಾಡಬೇಕು, ಯಾರಿಗೆ ಪ್ರತ್ಯೇಕ ಕೋಣೆ ಬೇಕು ಎಂಬಂಥ ಜಗಳಗಳು. ಕೊನೆಗೆ ತಂದೆ ಮಕ್ಕಳನ್ನು ಕೂರಿಸಿಕೊಂಡು ನಾಲ್ಕು ಬುದ್ಧಿಮಾತು ಹೇಳುತ್ತಾನೆ. ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಗುತ್ತದೆ.

ಇನ್ನೊಂದು ಸ್ವಾರಸ್ಯ ಕೇಳಿ. 1969ರಿಂದ 1974ರ ಮಾರ್ಚ್ ತನಕ 117 ಕಂತುಗಳು ಬಂದವು. ಆದರೆ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಇದು ಅಮೆರಿಕದ ಮೊದಲ ಮೂವತ್ತು ಜನಪ್ರಿಯ ಕಾರ್ಯಕ್ರಮಗಳ ಪಟ್ಟಿ ಸೇರಲಿಲ್ಲ! ಹಾಗಾದರೆ ಇಷ್ಟು ಪ್ರಸಿದ್ಧಿ ಎಲ್ಲಿಂದ ಬಂತು? ಮರುಪ್ರಸಾರದಿಂದ. 1975ರಿಂದ ಊರೂರಿನ ಟೀವಿ ಕೇಂದ್ರಗಳು ಹಳೆಯ ಕಂತುಗಳನ್ನು ಕೊಂಡು, ಮಕ್ಕಳು ಶಾಲೆಯಿಂದ ಮನೆಗೆ ಬರುವ ಹೊತ್ತಿಗೆ ಹಾಕತೊಡಗಿದವು. ಅಪ್ಪ ಅಮ್ಮ ಕೆಲಸದಿಂದ ಬರುವ ತನಕ ಒಂಟಿಯಾಗಿ ಇರುತ್ತಿದ್ದ ಮಕ್ಕಳು ಬ್ರೆಡ್ಡು ಕೈಯಲ್ಲಿ ಹಿಡಿದು ಇದನ್ನು ನೋಡಿದರು, ಮತ್ತೆ ಮತ್ತೆ ನೋಡಿದರು. ತಮ್ಮದೇ ಮನೆ ಮುರಿದು ಮತ್ತೆ ಜೋಡಣೆಯಾಗುತ್ತಿದ್ದ ಎಷ್ಟೋ ಮಕ್ಕಳೂ ಅವರಲ್ಲಿದ್ದರು. ವಿಚ್ಛೇದನಗಳು ಅಮೆರಿಕದಲ್ಲಿ ವೇಗವಾಗಿ ಏರಿದ ಕಾಲವೂ ಅದೇ.

ಮೆಟ್ಟಿಲಿನ ಮಾತು

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ, ಆ ಪದದ ಪ್ರಶ್ನೆಗೆ.

ಮೊದಲ ವರ್ಷದ ಒಂದು ಕಂತಿನಲ್ಲಿ ಕಿರಿಯ ಹುಡುಗ ಬಾಬಿ ಟೀವಿಯಲ್ಲಿ ಸಿಂಡ್ರೆಲಾ ಕಥೆ ನೋಡುತ್ತಾನೆ. ಅದರಲ್ಲಿ ಮಲತಾಯಿ ಕೆಟ್ಟವಳು, ಸಿಂಡ್ರೆಲಾಳನ್ನು ಗೋಳು ಹೊಯ್ದುಕೊಳ್ಳುತ್ತಾಳೆ. ಬಾಬಿಗೆ ಅನುಮಾನ ಶುರು. ಕ್ಯಾರಲ್ ಏನಾದರೂ ಕೆಲಸ ಹೇಳಿದರೆ ಅದೂ ಅವನಿಗೆ ಸಿಂಡ್ರೆಲಾ ಕಥೆಯಂತೆಯೇ ಕಾಣುತ್ತದೆ. ಕೊನೆಗೆ ಮನೆ ಬಿಟ್ಟು ಹೋಗಲು ಪೆಟ್ಟಿಗೆ ಕಟ್ಟುತ್ತಾನೆ. ಕ್ಯಾರಲ್ ಅವನನ್ನು ಗದರುವುದಿಲ್ಲ. ತಾನೂ ಪೆಟ್ಟಿಗೆ ಹಿಡಿದು ಬರುತ್ತಾಳೆ, ನೀನೊಬ್ಬನೇ ಹೋಗುವುದು ಬೇಡ, ನಾನೂ ಬರುತ್ತೇನೆ ಅನ್ನುತ್ತಾಳೆ. ಇಂಗ್ಲಿಷಿನಲ್ಲಿ ಮಲತಾಯಿಗೆ 'ಸ್ಟೆಪ್‌ಮದರ್' ಎನ್ನುತ್ತಾರೆ, 'ಸ್ಟೆಪ್' ಅಂದರೆ ಮೆಟ್ಟಿಲು ಕೂಡ ಹೌದು. ಕ್ಯಾರಲ್ ಮನೆಯ ಮಹಡಿ ಮೆಟ್ಟಿಲು ತೋರಿಸಿ, ಈ ಮನೆಯಲ್ಲಿ ಇರುವ ಸ್ಟೆಪ್ ಅಂದರೆ ಅವು ಮಾತ್ರ ಎಂಬರ್ಥದ ಮಾತು ಹೇಳುತ್ತಾಳೆ. ಬ್ರೇಡಿ ಮನೆಯ ಧೋರಣೆಯೇ ಅದು. ಇಲ್ಲಿ 'ಮಲ' ಎಂಬ ಪದಕ್ಕೆ ಜಾಗವಿಲ್ಲ, ಎಲ್ಲರೂ ಮಕ್ಕಳೇ.

ಒಳ್ಳೆಯ ಮಾತು. ಕೇಳಿದವರ ಕಣ್ಣು ಒದ್ದೆಯಾಗುವಂಥದ್ದು. ಆದರೆ ಇದರ ಇನ್ನೊಂದು ಮಗ್ಗುಲು ನೋಡಿ.

ಮೊಟ್ಟಮೊದಲ ಕಂತಿನಲ್ಲಿ, ಮದುವೆಯ ದಿನ, ಇದೇ ಬಾಬಿ ತನ್ನ ಸತ್ತ ತಾಯಿಯ ಫೋಟೋವನ್ನು ಎತ್ತಿ ಬಚ್ಚಿಡುತ್ತಾನೆ. ಹೊಸ ಅಮ್ಮ ಬರುತ್ತಿದ್ದಾಳೆ, ಹಳೆಯ ಅಮ್ಮನ ಫೋಟೋ ಹೊರಗಿದ್ದರೆ ಅವಳಿಗೆ ಬೇಸರವಾದೀತು ಎಂಬುದು ಆ ಪುಟ್ಟ ಹುಡುಗನ ಲೆಕ್ಕ. ತಂದೆ ಅದನ್ನು ಗಮನಿಸುತ್ತಾನೆ. ನಿನ್ನ ಅಮ್ಮನನ್ನು ನೀನು ಮರೆಯಬೇಕು ಎಂದು ನಾವ್ಯಾರೂ ಬಯಸುವುದಿಲ್ಲ ಎಂದು ಹೇಳಿ ಫೋಟೋವನ್ನು ಮತ್ತೆ ಇಟ್ಟುಕೊಳ್ಳಲು ಹೇಳುತ್ತಾನೆ. ಇಡೀ ಧಾರಾವಾಹಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಘಳಿಗೆ ಇದು.

ಆಮೇಲೆ? ಆಮೇಲೆ ಆ ತಾಯಿಯ ಸುದ್ದಿ ಹೆಚ್ಚುಕಡಿಮೆ ಬರುವುದೇ ಇಲ್ಲ! ಇನ್ನು ಕ್ಯಾರಲ್‌ಳ ಮೊದಲ ಗಂಡ ಏನಾದ ಎಂಬುದನ್ನು ಧಾರಾವಾಹಿ ಕೊನೆಯವರೆಗೂ ಬಾಯಿಬಿಟ್ಟು ಹೇಳಲಿಲ್ಲ. ಶ್ವಾರ್ಟ್ಸ್ ಅವರಿಗೆ ಅವಳನ್ನು ವಿಚ್ಛೇದಿತೆ ಎಂದು ತೋರಿಸುವ ಮನಸ್ಸಿತ್ತು. ವಾಹಿನಿಯವರು ಒಪ್ಪಲಿಲ್ಲ. ಕೊನೆಗೆ ಯಾವುದೂ ಬೇಡ ಎಂದು ಸುಮ್ಮನಾದರು. ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬಳೂ 'ನಮ್ಮಪ್ಪ ಎಲ್ಲಿ?' ಎಂದು ಕೇಳುವುದಿಲ್ಲ. ನಿಜವಾದ ಮನೆಯಲ್ಲಿ ಇದು ಸಾಧ್ಯವೇ, ನೀವೇ ಹೇಳಿ.

ಇದರ ಫಲವೇನಾಯಿತು ಅಂದರೆ, ಕೆಲವು ಕಂತು ಕಳೆಯುವಷ್ಟರಲ್ಲಿ ಬ್ರೇಡಿ ಮನೆ ಎಲ್ಲ ಮನೆಗಳಂತೆಯೇ ಆಗಿಬಿಟ್ಟಿತು. ಅಲ್ಲಿನ ಅತಿ ಪ್ರಸಿದ್ಧ ಹೊಟ್ಟೆಕಿಚ್ಚು ಯಾರ ನಡುವೆ ಗೊತ್ತೇ? ನಡುವಿನವಳು ಜಾನ್ ಮತ್ತು ಹಿರಿಯಳು ಮಾರ್ಷಾ ನಡುವೆ. ಎಲ್ಲಿ ಹೋದರೂ ಅಕ್ಕನದೇ ಹೊಗಳಿಕೆ ಎಂದು ಜಾನ್ ಸಿಡುಕುತ್ತಾಳೆ. ಅವರಿಬ್ಬರೂ ಒಡಹುಟ್ಟಿದವರು! 'ನಿಮ್ಮ ಕಡೆ, ನಮ್ಮ ಕಡೆ' ಎಂಬ ಜಗಳ ಅಷ್ಟು ಬೇಗ ಮಾಯವಾಗಿತ್ತು. ಹಾಗೆ ಮಾಯವಾದದ್ದನ್ನು ನೋಡಿ ಎಷ್ಟೋ ಮಕ್ಕಳಿಗೆ ಧೈರ್ಯ ಬಂದಿರಬೇಕು. ಆದರೆ ಹೇಗೆ ಮಾಯವಾಯಿತು ಎಂಬುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಗೋಡೆಯ ಮೇಲಿಂದ ಮಾತಾಡಿದ ಹೆಂಡತಿ

ನಮ್ಮಲ್ಲೂ ಇಂಥ ಕಥೆಗಳು ಬಂದವು. ನಾನು ಮೇಲೆ ಹೇಳಿದ 1968ರ ಆ ಸಿನಿಮಾದ ಎಳೆ ಹಿಡಿದು ಬಾಸು ಚಟರ್ಜಿಯವರು 1978ರಲ್ಲಿ 'ಖಟ್ಟಾ ಮೀಠಾ' ತೆಗೆದರು. ಅಶೋಕ್ ಕುಮಾರ್ ಮತ್ತು ಪರ್ಲ್ ಪದಮ್ಸೀ ಅದರಲ್ಲಿ ಮುಂಬಯಿಯ ಪಾರ್ಸಿ ಜೋಡಿ. ಇಬ್ಬರಿಗೂ ವಯಸ್ಸಾಗಿದೆ, ಇಬ್ಬರ ಮಕ್ಕಳೂ ಬೆಳೆದಿದ್ದಾರೆ. ದೊಡ್ಡವರು ಒಂದಾಗುತ್ತಾರೆ, ಮಕ್ಕಳು ಒಂದಾಗಲು ಮೊದಲು ಒಪ್ಪುವುದಿಲ್ಲ. 2010ರ 'ಗೋಲ್‌ಮಾಲ್ 3' ಅದೇ ಕಥೆಯನ್ನು ಇನ್ನಷ್ಟು ಗದ್ದಲ ಸೇರಿಸಿ ಹೇಳಿತು.

ಕನ್ನಡದಲ್ಲಿ? ನೆನಪು ಮಾಡಿಕೊಳ್ಳಿ, 1980ರ 'ಮಕ್ಕಳ ಸೈನ್ಯ'. ವಿಷ್ಣುವರ್ಧನ್ ಮತ್ತು ಸುಮಿತ್ರಾ ನಟಿಸಿದ ಚಿತ್ರ. ನಮ್ಮೆಲ್ಲರ ಮೆಚ್ಚಿನ ನಟಿ ಲಕ್ಷ್ಮಿ ನಿರ್ದೇಶಕಿಯಾದದ್ದು ಈ ಕಥೆಯ ಮೂಲಕವೇ. ತಮಿಳಿನಲ್ಲಿ ಇದು 'ಮಳಲೈ ಪಟ್ಟಾಳಂ' ಆಯಿತು. ಇದಕ್ಕೂ ಸ್ಫೂರ್ತಿ ಅದೇ ಅಮೆರಿಕನ್ ಚಿತ್ರ. ಹೀಗೆ ಹತ್ತೂ ಎಂಟೂ ಹದಿನೆಂಟು ಮಕ್ಕಳ ಒಂದು ನಿಜವಾದ ಮನೆಯ ಕಥೆ ಸಮುದ್ರ ದಾಟಿ ಮುಂಬಯಿ, ಚೆನ್ನೈ ಸುತ್ತಿ ಮೆಜೆಸ್ಟಿಕ್‌ನ ಪರದೆಗಳವರೆಗೂ ಬಂತು.

ಆದರೆ ಬ್ರೇಡಿ ಮನೆಗೆ ನಿಜವಾದ ಉತ್ತರ ಕೊಟ್ಟದ್ದು, ನನ್ನ ಪ್ರಕಾರ, 1995ರಲ್ಲಿ ಜೀ ಟೀವಿಯಲ್ಲಿ ಶುರುವಾದ 'ಹಮ್ ಪಾಂಚ್'. ದೆಹಲಿಯಲ್ಲಿ ಆಗ ಮಕ್ಕಳಾಗಿದ್ದವರು ಇದನ್ನು ಮರೆತಿರಲಾರರು. ಆನಂದ್ ಮಾಥುರ್ ಎಂಬ ಪಾಪದ ಗಂಡಸು (ಅಶೋಕ್ ಸರಾಫ್), ಅವನ ಎರಡನೆಯ ಹೆಂಡತಿ ಬೀನಾ (ಶೋಮಾ ಆನಂದ್), ಐವರು ತುಂಟ ಹೆಣ್ಣುಮಕ್ಕಳು. ಮುಂದೆ ದೊಡ್ಡ ತಾರೆಯಾದ ವಿದ್ಯಾ ಬಾಲನ್ ಶುರುವಿನಲ್ಲಿ ಆ ಐವರಲ್ಲಿ ಒಬ್ಬಳು. ಇನ್ನು ಮೊದಲ ಹೆಂಡತಿ? ಅವಳು ಸತ್ತಿದ್ದಾಳೆ. ಆದರೆ ಸುಮ್ಮನಿಲ್ಲ! ಗೋಡೆಯ ಮೇಲಿನ ಫೋಟೋದೊಳಗಿಂದಲೇ ಗಂಡನ ಜೊತೆ ಮಾತಾಡುತ್ತಾಳೆ, ಕೊಂಕು ನುಡಿಯುತ್ತಾಳೆ. ಆ ಪಾತ್ರ ಮಾಡಿದವರು ಪ್ರಿಯಾ ತೆಂಡುಲ್ಕರ್. ದೂರದರ್ಶನದ 'ರಜನಿ' ಎಂದರೆ ಹಿರಿಯರಿಗೆ ತಕ್ಷಣ ಗೊತ್ತಾಗುತ್ತದೆ.

ನೋಡಿ ಎಂಥ ವ್ಯತ್ಯಾಸ. ಅಮೆರಿಕದ ಮನೆಯಲ್ಲಿ ಮೊದಲ ದಿನ ಫೋಟೋ ಕಾಣಿಸಿತು, ಆಮೇಲೆ ಕಥೆಯಿಂದಲೇ ಮಾಯವಾಯಿತು. ನಮ್ಮ ಮಾಥುರ್ ಮನೆಯಲ್ಲಿ ಫೋಟೋ ಹಜಾರದ ಗೋಡೆಯ ಮೇಲೆಯೇ ಇತ್ತು, ಮನೆಯ ಒಬ್ಬ ಸದಸ್ಯೆಯಾಗಿಯೇ ಇತ್ತು. ಅದು ಬರೀ ತಮಾಷೆಗೆ ಮಾಡಿದ್ದೇ ಇರಬಹುದು. ಆದರೆ ಮನೆಯ ಸತ್ಯ ಅದರಲ್ಲಿತ್ತು. ಹೋದವರು ಹೋಗಿಯೇ ಬಿಡುವುದಿಲ್ಲ. ಮಾತಾಡಲು ಬಿಟ್ಟರೆ ಅವರೂ ನಗಿಸುತ್ತಾರೆ. ಬಾಯಿ ಮುಚ್ಚಿಸಿದರೆ ಕಾಡುತ್ತಾರೆ.

ಇಂದ್ರಪ್ರಸ್ಥದ ಮನೆ

ಇನ್ನೊಂದು ಮನೆಯ ಕಥೆ ಹೇಳದೆ ಮುಂದೆ ಹೋಗಲಾರೆ. ಇದು ದೆಹಲಿಯದೇ ಮನೆ. ನಮ್ಮ ಪುರಾನಾ ಕಿಲಾ ಇರುವ ಜಾಗದಲ್ಲೇ ಪಾಂಡವರ ಇಂದ್ರಪ್ರಸ್ಥ ಇತ್ತು ಎಂಬ ನಂಬಿಕೆ ನಿಮಗೆಲ್ಲ ಗೊತ್ತಿದೆ. ಪಾಂಡವರು ಎಷ್ಟು ಜನ? ಐದು. ಅವರ ತಾಯಿ ಯಾರು? ಕುಂತಿ ಎಂದು ತಟ್ಟನೆ ಹೇಳುತ್ತೇವೆ. ತಪ್ಪು! ಮೂವರಿಗೆ ಮಾತ್ರ ಕುಂತಿ ಹೆತ್ತ ತಾಯಿ. ನಕುಲ ಸಹದೇವರು ಮಾದ್ರಿಯ ಮಕ್ಕಳು. ಪಾಂಡುವಿನ ಜೊತೆ ಮಾದ್ರಿಯೂ ಹೋದ ಮೇಲೆ ಆ ಇಬ್ಬರನ್ನು ಬೆಳೆಸಿದವಳು ಕುಂತಿ. ಅಂದರೆ ನಿಘಂಟಿನ ಪ್ರಕಾರ ಕುಂತಿ ಒಬ್ಬ ಮಲತಾಯಿ. ನಮಗೆ ಯಾರಿಗೂ ಹಾಗೆ ಅನ್ನಿಸುವುದೇ ಇಲ್ಲ ಅಲ್ಲವೇ? ಕೈಕೇಯಿಯನ್ನು ಮಾತ್ರ ನೆನಪಿಟ್ಟುಕೊಂಡೆವು!

ಯಕ್ಷಪ್ರಶ್ನೆಯ ಪ್ರಸಂಗ ನೆನಪಿಸಿಕೊಳ್ಳಿ. ನಾಲ್ವರು ತಮ್ಮಂದಿರು ಕೊಳದ ದಡದಲ್ಲಿ ಸತ್ತು ಬಿದ್ದಿದ್ದಾರೆ. ಒಬ್ಬನನ್ನು ಮಾತ್ರ ಬದುಕಿಸುತ್ತೇನೆ, ಯಾರು ಬೇಕು ಎಂದು ಯಕ್ಷ ಕೇಳುತ್ತಾನೆ. ಭೀಮನ ತೋಳಿನ ಬಲವಿದೆ, ಅರ್ಜುನನ ಬಿಲ್ಲಿದೆ. ಧರ್ಮರಾಯ ಕೇಳುವುದು ನಕುಲನನ್ನು. ಕುಂತಿಗೆ ನಾನಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂಬುದು ಅವನ ವಿವರಣೆ. ಮಾದ್ರಿ ಸತ್ತು ಎಷ್ಟು ವರ್ಷವಾಗಿತ್ತು! ಆ ಮನೆಯಲ್ಲಿ ಅವಳ ಹೆಸರು ಇನ್ನೂ ಬದುಕಿತ್ತು. ಆ ಉತ್ತರಕ್ಕೆ ಮೆಚ್ಚಿಯೇ ಯಕ್ಷ ನಾಲ್ವರನ್ನೂ ಬದುಕಿಸಿದ.

ಅದೇ ಮನೆಯಲ್ಲಿ ಹೆಸರೆತ್ತದೆ ಮುಚ್ಚಿಟ್ಟ ಮಗ ಒಬ್ಬನಿದ್ದ, ಕರ್ಣ. ಅದರಿಂದ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. ಹೇಳಿಕೊಂಡ ಸಂಬಂಧ ಮನೆಯನ್ನು ಉಳಿಸಿತು, ಮುಚ್ಚಿಟ್ಟ ಸಂಬಂಧ ಮನೆಯನ್ನು ಸುಟ್ಟಿತು. ಕುಂತಿ ಒಬ್ಬಳೇ, ಪಾಠ ಎರಡು.

ತಿಲಕ್ ಮಾರ್ಗದ ಮಾತು

ಪುರಾನಾ ಕಿಲಾದಿಂದ ಸ್ವಲ್ಪ ದೂರ ಬಂದರೆ ತಿಲಕ್ ಮಾರ್ಗ, ಅಲ್ಲಿ ಸುಪ್ರೀಂ ಕೋರ್ಟ್. 2022ರ ಜುಲೈ 28ರಂದು ಅಲ್ಲಿ ಇದೇ ಪದದ ಬಗ್ಗೆ ಒಂದು ತೀರ್ಪು ಬಂತು. ಒಬ್ಬ ತಾಯಿ, ಗಂಡ ತೀರಿಕೊಂಡಾಗ ಮಗು ಇನ್ನೂ ಕೈಗೂಸು. ಆಕೆ ಮತ್ತೆ ಮದುವೆಯಾದಳು. ಮಗುವಿಗೆ ಯಾವ ಮನೆತನದ ಹೆಸರು ಇಡಬೇಕು ಎಂದು ಮೊದಲ ಗಂಡನ ತಂದೆತಾಯಿಯ ಜೊತೆ ವ್ಯಾಜ್ಯ. ಹಳೆಯ ಹೆಸರನ್ನೇ ಇಡಬೇಕು, ದಾಖಲೆಗಳಲ್ಲಿ ಎರಡನೆಯ ಗಂಡನನ್ನು 'ಮಲತಂದೆ' ಎಂದು ನಮೂದಿಸಬೇಕು ಎಂಬರ್ಥದ ಆದೇಶವನ್ನು ಆಂಧ್ರಪ್ರದೇಶ ಹೈಕೋರ್ಟ್ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ತಂದೆ ಇಲ್ಲದ ಮೇಲೆ ತಾಯಿಯೇ ಸಹಜ ಪೋಷಕಿ, ಹೆಸರು ನಿರ್ಧರಿಸುವ ಹಕ್ಕು ಆಕೆಯದು ಎಂದಿತು. ದಾಖಲೆಯಲ್ಲಿ 'ಮಲತಂದೆ' ಎಂದು ಬರೆಸುವುದು ಹೆಚ್ಚುಕಡಿಮೆ ಕ್ರೌರ್ಯವೇ, ಅದು ಮಗುವಿನ ಮನಸ್ಸಿಗೂ ಆತ್ಮಗೌರವಕ್ಕೂ ಪೆಟ್ಟು ಕೊಡುತ್ತದೆ ಎಂದೂ ಹೇಳಿತು.

ಪದ ಒಂದು ಕಡೆ ಇರಲಿ, ಕೇಳುಗರೇ. ಇಂಥ ಮನೆಯವರು ತಿಳಿದಿರಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಧಾರಾವಾಹಿಗಳು ಇವನ್ನು ಹೇಳುವುದಿಲ್ಲ.

ಒಂದು, ಆಸ್ತಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ 'ಮಗ', 'ಮಗಳು' ಎಂದರೆ ಹೆತ್ತ ಅಥವಾ ದತ್ತು ಪಡೆದ ಮಕ್ಕಳು. ಎಷ್ಟೇ ಪ್ರೀತಿಯಿಂದ ಸಾಕಿದ್ದರೂ ಹೆಂಡತಿಯ ಮೊದಲ ಮದುವೆಯ ಮಗು, ಉಯಿಲು ಬರೆಯದೆ ಗಂಡ ತೀರಿಕೊಂಡರೆ, ಅವನ ಮಗುವಾಗಿ ಪಾಲು ಕೇಳಲು ಬರುವುದಿಲ್ಲ. ಹೆಣ್ಣಿನ ಆಸ್ತಿಯ ವಿಷಯದಲ್ಲೂ ಸುಪ್ರೀಂ ಕೋರ್ಟ್ 1987ರಲ್ಲಿ ಇದನ್ನೇ ಹೇಳಿದೆ. ಅಲ್ಲಿ ಮಲಮಗ ಬರುವುದು 'ಮಗ' ಎಂಬ ಮೊದಲ ಸಾಲಿನಲ್ಲಲ್ಲ, 'ಗಂಡನ ವಾರಸುದಾರ' ಎಂಬ ಮುಂದಿನ ಸಾಲಿನಲ್ಲಿ.

ಎರಡು, ಮುಪ್ಪಿನ ಆರೈಕೆ. 2007ರಲ್ಲಿ ಬಂದ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯಲ್ಲಿ 'ಪೋಷಕರು' ಎಂಬ ಪದಕ್ಕೆ ಮಲತಂದೆ, ಮಲತಾಯಿಯೂ ಸೇರುತ್ತಾರೆ. ಅಂದರೆ ಆರೈಕೆಯ ಲೆಕ್ಕಕ್ಕೆ ಅವರು ತಂದೆತಾಯಿ, ಆಸ್ತಿಯ ಲೆಕ್ಕಕ್ಕೆ ಇವರು ಮಕ್ಕಳಲ್ಲ! ಕಾನೂನು ಕೂಡ ಈ ಮನೆಯನ್ನು ಅರ್ಧ ಮಾತ್ರ ಕಟ್ಟಿದೆ. ಉಳಿದರ್ಧವನ್ನು ನಾವೇ ಕಟ್ಟಬೇಕು.

ಹೇಗೆ? ದಾರಿ ಎರಡಿವೆ. ಮೊದಲನೆಯದು ಉಯಿಲು. ಯಾರಿಗೆ ಏನು ಎಂದು ಸ್ಪಷ್ಟವಾಗಿ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿಡಿ. ಎರಡನೆಯದು ದತ್ತು. ಮಲತಂದೆಯೋ ಮಲತಾಯಿಯೋ ಮಗುವನ್ನು ಕಾನೂನುಬದ್ಧವಾಗಿ ದತ್ತು ಪಡೆಯಲು 2022ರ ದತ್ತು ನಿಯಮಗಳಲ್ಲಿ ಅವಕಾಶವಿದೆ. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ಅಂತರ್ಜಾಲ ತಾಣದ ಮೂಲಕವೇ ಅರ್ಜಿ ಹಾಕಬೇಕು. ಹೆತ್ತ ಇನ್ನೊಬ್ಬರು ಬದುಕಿದ್ದರೆ ಅವರ ಒಪ್ಪಿಗೆಯೂ ಬೇಕಾಗುತ್ತದೆ. ನಿಮ್ಮ ಮನೆಯ ಪರಿಸ್ಥಿತಿಗೆ ಯಾವುದು ಸರಿ ಎಂದು ಒಬ್ಬ ವಕೀಲರನ್ನು ಕೇಳಿಕೊಂಡು ಮಾಡಿ. ಪ್ರೀತಿ ಇದ್ದ ಮೇಲೆ ಕಾಗದ ಯಾಕೆ ಎನ್ನಬೇಡಿ. ಪ್ರೀತಿ ಇರುವಾಗಲೇ ಕಾಗದ ಮಾಡಿಡುವುದು ಸುಲಭ.

ಕೊನೆಗೆ ಆ ಫೋಟೋ

ಬ್ರೇಡಿ ಮನೆಯ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಧಾರಾವಾಹಿಯಲ್ಲಿ ಹೊರಗಿನಿಂದ ತೋರಿಸುತ್ತಿದ್ದ ಮನೆ ಲಾಸ್ ಏಂಜಲಿಸ್‌ನಲ್ಲಿದ್ದ ನಿಜವಾದ ಮನೆ. ಒಳಗಿನ ಕೋಣೆ, ಮೆಟ್ಟಿಲು, ಅಡುಗೆಮನೆ ಎಲ್ಲ ಸ್ಟುಡಿಯೋದ ಸೆಟ್ಟು. ಹೊರಗೂ ಒಳಗೂ ಸಂಬಂಧವೇ ಇರಲಿಲ್ಲ. 2018ರಲ್ಲಿ ಒಂದು ಟೀವಿ ವಾಹಿನಿ 35 ಲಕ್ಷ ಡಾಲರ್ ಕೊಟ್ಟು ಆ ಮನೆಯನ್ನು ಕೊಂಡಿತು. ಬಾಲನಟರಾಗಿದ್ದ ಆರೂ ಜನ, ಈಗ ತಲೆ ನರೆತವರು, ಅದರಲ್ಲಿ ಕೈಜೋಡಿಸಿದರು. ಧಾರಾವಾಹಿಯಲ್ಲಿದ್ದಂತೆಯೇ ಒಳಮನೆಯನ್ನು ಕಟ್ಟಿ 2019ರಲ್ಲಿ ತೋರಿಸಿದರು. ಹೊರಗೋಡೆ ಟೀವಿಯಲ್ಲಿ ಕಂಡು ಐವತ್ತು ವರ್ಷದ ಮೇಲೆ ಒಳಮನೆ ಆಯಿತು!

ಎರಡು ಮನೆ ಸೇರಿ ಒಂದಾಗುವುದೂ ಹೀಗೆಯೇ. ಮದುವೆಯ ದಿನ ಆಗುವುದು ಹೊರಗೋಡೆ ಮಾತ್ರ. ಒಳಮನೆಗೆ ಸಮಯ ಬೇಕು. ಹೊಸ ಅಮ್ಮನನ್ನು ಮಗು ಮೊದಲ ದಿನವೇ 'ಅಮ್ಮ' ಎನ್ನಬೇಕು ಎಂದು ಹಟ ಹಿಡಿಯಬೇಡಿ. ನಮ್ಮ ಕನ್ನಡದಲ್ಲಿ 'ಚಿಕ್ಕಮ್ಮ' ಎಂಬ ಒಳ್ಳೆಯ ಮಾತಿದೆ, ಅದರಲ್ಲೂ ಅಮ್ಮ ಇದ್ದಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆರದಿದ್ದರೂ ಮುದ್ದು ಮಾಡುವವರಿಗೆ ನಾವು ಇನ್ನೂ ಒಂದು ಗಾದೆ ಮಾಡಿಲ್ಲ, ಮಾಡಬೇಕು. ನೆಂಟರು ನೀವಾಗಿದ್ದರೆ, ಮದುವೆ ಮನೆಯಲ್ಲೋ ಕರ್ನಾಟಕ ಸಂಘದ ರಾಜ್ಯೋತ್ಸವದಲ್ಲೋ ಮಗುವನ್ನು ಪಕ್ಕಕ್ಕೆ ಕರೆದು 'ಹೊಸ ಅಮ್ಮ ಚೆನ್ನಾಗಿ ನೋಡ್ಕೋತಾರಾ ಪುಟ್ಟಾ?' ಎಂದು ಪಿಸುಗುಡಬೇಡಿ. ಸಿಂಡ್ರೆಲಾ ಕಥೆಯನ್ನು ಬಾಬಿಯ ತಲೆಗೆ ಹಾಕಿದ್ದು ಟೀವಿ. ನಮ್ಮ ಮಕ್ಕಳ ತಲೆಗೆ ಹಾಕುವವರು ಹೆಚ್ಚಾಗಿ ನಾವೇ.

ಮನೆಯಲ್ಲಿ ಒಂದು ಫೋಟೋ ಇದ್ದರೆ, ಅದು ಹಜಾರದಲ್ಲೇ ಇರಲಿ. ಅದರ ಧೂಳು ಒರೆಸುವವಳು ಹೊಸಬಳೇ ಆಗಿದ್ದರೆ ಇನ್ನೂ ಒಳ್ಳೆಯದು. ಬೇರ್ಪಟ್ಟ ತಂದೆಯೋ ತಾಯಿಯೋ ಬದುಕಿದ್ದರೆ, ಅವರ ಹೆಸರು ಊಟದ ಮೇಜಿನ ಮೇಲೆ ಸಹಜವಾಗಿ ಬರಲಿ. ಮಗು ಆ ಫೋಟೋ ಬಚ್ಚಿಡುವುದನ್ನು ನೀವು ಕಂಡರೆ, ಮೈಕ್ ಬ್ರೇಡಿ ಮೊದಲ ಕಂತಿನಲ್ಲಿ ಮಾಡಿದ್ದನ್ನೇ ಮಾಡಿ. ಆದರೆ ಅವನಂತೆ ಒಂದೇ ಕಂತಿಗೆ ನಿಲ್ಲಿಸಬೇಡಿ.

ಮುಂದಿನ ಬಾರಿ 'ಮಲತಾಯಿ ಧೋರಣೆ' ಎಂಬ ತಲೆಬರಹ ಕಂಡಾಗ ನಿಮಗೆ ಕುಂತಿ ನೆನಪಾದರೆ ಈ ಬರಹ ಸಾರ್ಥಕ.